ಪೈಪರಿನ್ ಬಂದ ಕೂಡಲೇ ರನ್ ನಿಲ್ಲಿಸಬಹುದೇ?

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್‌ನ ಪ್ರಮಾಣವನ್ನು, ಸಾರದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣದಲ್ಲಿ ಅಳೆಯುತ್ತೇವೆ. ಕಾಲಂ (ಸಣ್ಣ ಕಣಗಳನ್ನು ತುಂಬಿದ ಕೊಳವೆ) 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸ, 5 ಮೈಕ್ರಾನ್ ಕಣದ್ದು. ಅಸಿಟೋನೈಟ್ರೈಲ್ ಮತ್ತು ನೀರಿನ ಮಿಶ್ರಣ ನಿಮಿಷಕ್ಕೆ 1 ಮಿ.ಲೀ. ಹರಿಯುತ್ತದೆ; ಗ್ರೇಡಿಯೆಂಟ್ ಇಲ್ಲ, ಅಂದರೆ ಮಿಶ್ರಣದ ಅನುಪಾತ ರನ್‌ನುದ್ದಕ್ಕೂ ಬದಲಾಗದು. ಪೈಪರಿನ್ 10ನೇ ನಿಮಿಷಕ್ಕೇ ಬಂದರೂ ಒಂದು ರನ್‌ಗೆ (ಒಂದು ಮಾದರಿಯ ಓಟಕ್ಕೆ) 25 ನಿಮಿಷ ಹಿಡಿಯುತ್ತದೆ. ಕೊಯ್ಲಿನ ದಿನಗಳಲ್ಲಿ ಮಾದರಿಗಳು ರಾಶಿ ಬೀಳುವುದರಿಂದ 12ನೇ ನಿಮಿಷಕ್ಕೆ ನಿಲ್ಲಿಸಬಹುದೇ?
— ಓದುಗರು, ಶಿರಸಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮೆಣಸಿನ ಸಾರದಲ್ಲಿ ಪೈಪರಿನ್‌ಗಿಂತ ನಿಧಾನವಾಗಿ ಸಾಗುವ ಎಣ್ಣೆಯಂಥ ಪದಾರ್ಥಗಳಿದ್ದು, ಅವು ಕಾಲಂನಲ್ಲೇ ಉಳಿದು ಮುಂದಿನ ಮಾದರಿಯ ರನ್‌ನಲ್ಲಿ, ಕೆಲವೊಮ್ಮೆ ಪೈಪರಿನ್ ಪೀಕ್‌ನ (ಗ್ರಾಫ್‌ನಲ್ಲಿ ಏಳುವ ಶಿಖರದ) ಬುಡದಲ್ಲೇ, ಅಗಲವಾದ ದಿಬ್ಬದಂತೆ ಏಳುತ್ತವೆ. ಪೈಪರಿನ್‌ಗೆ ಸರಿಹೊಂದುವ 343 ನ್ಯಾನೋಮೀಟರ್ ಬೆಳಕಿನ ತರಂಗಾಂತರದಲ್ಲಿ ಇವುಗಳಲ್ಲಿ ಹಲವು ಕಾಣಿಸುವುದೇ ಇಲ್ಲವಾದ್ದರಿಂದ, ಬೇಸ್‌ಲೈನ್ (ಗ್ರಾಫ್‌ನ ತಳರೇಖೆ) ಸಪಾಟಾಗಿದೆಯೆಂದು ಕಾಲಂ ಶುಚಿಯಾಗಿದೆಯೆನ್ನಲಾಗದು. ಒಮ್ಮೆ 210 ನ್ಯಾನೋಮೀಟರ್‌ನಲ್ಲಿ ಪೂರ್ತಿ ರನ್ ಓಡಿಸಿ ನೋಡಿ.

ಸಮಯ ಉಳಿಸುವ ಸರಿಯಾದ ದಾರಿ ಕಾಲಂ ಬದಲಿಸುವುದು. ಅದೇ ಬಗೆಯ ಪ್ಯಾಕಿಂಗ್ ಇರುವ, 150 ಮಿ.ಮೀ. ಉದ್ದದ, ಅದೇ ಒಳವ್ಯಾಸದ, 3 ಮೈಕ್ರಾನ್ ಕಣದ ಕಾಲಂ ತೆಗೆದುಕೊಳ್ಳಿ. ಉದ್ದವನ್ನು ಕಣದ ಗಾತ್ರದಿಂದ ಭಾಗಿಸಿದರೆ ಎರಡರಲ್ಲೂ 50,000 ಬರುತ್ತದೆ. ಅಂದರೆ ಬೇರ್ಪಡಿಸುವ ಸಾಮರ್ಥ್ಯ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಕಣ ಸಣ್ಣದಾದಷ್ಟೂ ಹರಿವನ್ನು ಏರಿಸಬಹುದಾದ್ದರಿಂದ ನಿಮಿಷಕ್ಕೆ 1.67 ಮಿ.ಲೀ. ಇಡಿ: 25 ನಿಮಿಷದ ರನ್ 9ಕ್ಕೆ ಇಳಿಯುತ್ತದೆ, ಪೈಪರಿನ್ ಸುಮಾರು 3.6ನೇ ನಿಮಿಷಕ್ಕೆ ಬರುತ್ತದೆ, ದ್ರಾವಕವೂ 25ರ ಬದಲು 15 ಮಿ.ಲೀ. ಸಾಕಾಗುತ್ತದೆ. ಆದರೆ ಒತ್ತಡ ಸುಮಾರು 2.8 ಪಟ್ಟಾಗುವುದರಿಂದ, ಈಗ 90 ಬಾರ್ ಇದ್ದರೆ 250ರ ಆಸುಪಾಸಿಗೆ ಏರುತ್ತದೆ. ನಿಮ್ಮ ಪಂಪಿನ ಮಿತಿಯನ್ನು ಮೊದಲೇ ನೋಡಿಕೊಳ್ಳಿ. ಇಂಜೆಕ್ಷನ್ 20 ಮೈಕ್ರೋಲೀಟರ್ ಇದ್ದರೆ 12ಕ್ಕೆ ಇಳಿಸಿ. ಪೀಕ್‌ಗಳು ಕಿರಿದಾಗುವುದರಿಂದ, ಒಂದೊಂದರ ಮೇಲೂ ಕನಿಷ್ಠ 20 ಬಿಂದುಗಳು ದಾಖಲಾಗುವಂತೆ ಡಿಟೆಕ್ಟರ್‌ನ ವೇಗವನ್ನು ಹೊಂದಿಸಬೇಕು.

ಹೊಸ ಕಾಲಂ ಪೈಪರಿನ್ ಅನ್ನು ನಿಜಕ್ಕೂ ಬೇರ್ಪಡಿಸುತ್ತಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಪೈಪರಿನ್ ದ್ರಾವಣ ಬೆಳಕಿಗೆ ಬಿದ್ದರೆ ಐಸೊಪೈಪರಿನ್, ಚಾವಿಸಿನ್ ಮುಂತಾದ ಸೋದರ ರೂಪಗಳಾಗಿ ಮಾರ್ಪಡುತ್ತದೆ. ಆದ್ದರಿಂದ ಸಾರದ ಒಂದು ಪಾಲನ್ನು ಪಾರದರ್ಶಕ ವಯಲ್‌ನಲ್ಲಿ ಕಿಟಕಿಯ ಬಳಿ ಬಿಸಿಲಿಗಿಟ್ಟು, ಇನ್ನೊಂದನ್ನು ಕಂದು ವಯಲ್‌ನಲ್ಲಿ ಕಾಪಾಡಿ, ಎರಡನ್ನೂ ಒಂದರ ಹಿಂದೊಂದು ಓಡಿಸಿ. ಬಿಸಿಲು ಕಂಡ ಸಾರದಲ್ಲಿ ಹೊಸದಾಗಿ ಎದ್ದ ಪೀಕ್‌ಗಳಿಗೂ ಪೈಪರಿನ್‌ಗೂ ನಡುವಿನ ರೆಸಲ್ಯೂಷನ್ (ಎರಡು ಪೀಕ್‌ಗಳು ಎಷ್ಟು ಬೇರ್ಪಟ್ಟಿವೆ ಎಂಬ ಅಳತೆ) 1.5ಕ್ಕಿಂತ ಕಡಿಮೆಯಾದರೆ, ಹರಿವನ್ನು ಇನ್ನೂ ಏರಿಸುವ ಆಸೆ ಬಿಟ್ಟು ಅಸಿಟೋನೈಟ್ರೈಲ್‌ನ ಪ್ರಮಾಣವನ್ನು ತುಸು ತಗ್ಗಿಸಿ.