ಲಿಮಿಟೆಡ್ ಎಡಿಷನ್ ಡ್ರೋನ್ ರೆಕಾರ್ಡ್ ಸೀಲ್ ಒಡೆಯದೆ ಇಟ್ಟರೆ ಮುಂದೆ ಬೆಲೆ ಬರುತ್ತಾ?

300 ಪ್ರತಿ ಮಾತ್ರ ಬಂದ ಡಾರ್ಕ್ ಡ್ರೋನ್ (ಒಂದೇ ಸ್ವರವನ್ನು ಉದ್ದಕ್ಕೂ ಹಿಡಿಯೋ ಸಂಗೀತ) ಎಲ್‌ಪಿ, ಅದನ್ನು ಸಿರ್ಸಿ ಮನೆಯಲ್ಲಿ ಹಾಗೇ ಇಡಬೇಕು ಅಂತಿದ್ದೀರಿ. ಬೇಡ. ಇವತ್ತೇ ಸೀಲ್ ಒಡೆಯಿರಿ. ನಾನು ಕಾರವಾರದಲ್ಲಿ ಇದನ್ನೇ ಮಾಡಿ ಕಳೆದುಕೊಂಡವನು.

ನನ್ನದೂ ಯುರೋಪಿನ ಒಂದು ಸಣ್ಣ ರೆಕಾರ್ಡ್ ಕಂಪನಿಯದು, ಲೇಬಲ್ ಅಂತಾರೆ. ಕಪ್ಪು ಜಾಕೆಟ್ (ರೆಕಾರ್ಡಿನ ರಟ್ಟಿನ ಹೊದಿಕೆ), ಹಿಂದೆ ಪೆನ್ಸಿಲ್‌ನಲ್ಲಿ ಬರೆದ ನಂಬರ್. ಅಂಚೆ ಖರ್ಚು, ಕಸ್ಟಮ್ಸ್ ಎಲ್ಲ ಸೇರಿ ರೆಕಾರ್ಡಿನಷ್ಟೇ ದುಡ್ಡು ಮತ್ತೆ ಹೋಗಿತ್ತು. ಜೊತೆಗೆ ಅದೇ ಸಂಗೀತದ ಡಿಜಿಟಲ್ ಫೈಲ್ ಕೊಟ್ಟಿದ್ದರು, ಕೇಳೋದಕ್ಕೆ ಅದೇ ಸಾಕಾಗಿತ್ತು. ರೆಕಾರ್ಡ್ ಪ್ಲಾಸ್ಟಿಕ್ ಸಮೇತ ಕಪಾಟು ಸೇರಿತು. ಮಳೆಗಾಲ ಕಳೆದ ಮೇಲೆ ಗೆಳೆಯನೊಬ್ಬ ಬಂದು ಹಟ ಹಿಡಿದ ಅಂತ ಒಡೆದೆ. ಜಾಕೆಟ್ಟಿನ ಅಂಚಿಗೆ ಬೂಷ್ಟು ಬಂದಿತ್ತು, ಒರೆಸಿದೆ. ಎ ಬದಿ ಚೆನ್ನಾಗಿಯೇ ಇತ್ತು. ಬಿ ಬದಿಗೆ ಸೂಜಿ ಇಟ್ಟರೆ ಸ್ವರ ತೂಗಾಡುತ್ತಿದೆ! ಸೂಜಿ ಹಿಡಿದಿರೋ ಕೈ, ಅಂದರೆ ಟೋನ್ ಆರ್ಮ್ ನೋಡಿದೆ. ರೆಕಾರ್ಡ್ ಸುತ್ತು ಬಂದಾಗೆಲ್ಲ ಅದು ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಬಲಕ್ಕೆ ಹೋಗಿ ಬರುತ್ತಿತ್ತು.

ಆ ಬದಿಯ ಗೆರೆಗಳಿಗೆ ತೂತು ಸರಿಯಾಗಿ ನಡುವೆ ಬಿದ್ದಿರಲಿಲ್ಲ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್, ಅಷ್ಟಕ್ಕೊಮ್ಮೆ ಸ್ವರ ಏರಿ ಇಳಿಯುತ್ತದೆ. ಸಿನಿಮಾ ಹಾಡಾಗಿದ್ದರೆ ತಾಳ, ಮಾತುಗಳ ನಡುವೆ ಇದು ಮುಚ್ಚಿಹೋಗುತ್ತಿತ್ತು. ಡ್ರೋನಿನಲ್ಲಿ ಇಡೀ ಬದಿ ಒಂದೇ ಸ್ವರ, ಅಡಗೋದಕ್ಕೆ ಜಾಗವೇ ಇಲ್ಲ. ಭಾಗವತರ ಹಿಂದೆ ಶ್ರುತಿಪೆಟ್ಟಿಗೆಯೇ ತೂರಾಡಿದ ಹಾಗೆ. ಈ ಸಂಗೀತದ ಬೇರಿಗೂ ನಮ್ಮ ತಂಬೂರಿಗೂ ನಂಟಿದೆ. ಡ್ರೋನ್ ಸಂಗೀತಕ್ಕೆ ದಾರಿ ಹಾಕಿದವರಲ್ಲೊಬ್ಬರಾದ ಅಮೆರಿಕದ ಸಂಗೀತಗಾರ ಲಾ ಮಾಂಟ್ ಯಂಗ್ 1970ರಿಂದ ಪಂಡಿತ್ ಪ್ರಾಣನಾಥರ ಹತ್ತಿರ ಕಲಿತವರು, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಕಿರಾನಾ ಘರಾನೆಯೇ ಅದು. ಶ್ರುತಿ ನಿಲ್ಲದಿದ್ದರೆ ಅಲ್ಲಿ ಇನ್ನೇನು ಉಳಿಯುತ್ತದೆ?

ಲೇಬಲ್‌ನವರಿಗೆ ಬರೆದೆ. ಬದಲಿ ಕೊಡೋದಕ್ಕೆ ಅಂತಲೇ ಕೆಲವು ಪ್ರತಿ ಇಟ್ಟುಕೊಂಡಿದ್ದರಂತೆ, ಮೊದಲೇ ಕೇಳಿದವರಿಗೆ ಕೊಟ್ಟು ಮುಗಿದಿತ್ತು. ನಾನು ಪಾರ್ಸೆಲ್ ಬಂದ ವಾರವೇ ಕೇಳಿದ್ದರೆ ಸಿಗುತ್ತಿತ್ತು. ಸೀಲ್ ಇದ್ದರೆ ಒಳಗಿನದು ಸುರಕ್ಷಿತ ಅಂದುಕೊಂಡಿದ್ದೆ, ಅಲ್ಲೇ ಎಡವಿದ್ದು. ಯಾರೂ ಮುಟ್ಟಿಲ್ಲ ಅನ್ನೋದಷ್ಟೇ ಸೀಲ್ ಹೇಳುತ್ತದೆ. ತೂತು ಸರಿದಿದೆಯಾ, ಒತ್ತುವಾಗ ಗೆರೆ ಪೂರ್ತಿ ತುಂಬದೆ ಚರ್ ಅಂತ ಹರಿದ ಸದ್ದು ಬರುತ್ತಾ, ಡಿಸ್ಕ್ ಡೊಂಕಾಗಿದೆಯಾ, ಯಾವುದೂ ಹೊರಗಿನಿಂದ ಕಾಣೋದಿಲ್ಲ. ಸಾವಿರಗಟ್ಟಲೆ ಒತ್ತಿದ ರೆಕಾರ್ಡಾದರೆ ತಡವಾದರೂ ಇನ್ನೊಂದು ಸಿಗಬಹುದು. 300ರಲ್ಲಿ ಎಲ್ಲಿಂದ ತರೋದು?

ಬೆಲೆಯ ಆಸೆಗೇ ಕೊಂಡಿದ್ದರೆ ಆ ದುಡ್ಡನ್ನು ಬೇರೆ ಕಡೆ ಹಾಕಿ. ಇಂಥ ಸಂಗೀತ ಬೇಕು ಅನ್ನೋರು ಹೆಚ್ಚಾಗಿ ಹೊರದೇಶದವರು, ಅಲ್ಲಿಗೆ ಕಳಿಸೋ ಖರ್ಚೇ ನಿಮ್ಮ ಲಾಭ ತಿನ್ನುತ್ತದೆ.

ಆ ಬಿಗಿ ಪ್ಲಾಸ್ಟಿಕ್ಕನ್ನೂ ತೆಗೆದುಬಿಡಿ, ಬಿಸಿ ತಾಗಿದರೆ ಇನ್ನೂ ಬಿಗಿದು ಜಾಕೆಟ್ ಬಗ್ಗಿಸುತ್ತದೆ. ಮೆತ್ತನೆ ಪಿವಿಸಿ ಕವರ್ ಬೇಡ, ವರ್ಷಗಟ್ಟಲೆ ಅದರಲ್ಲಿದ್ದರೆ ರೆಕಾರ್ಡಿನ ಮೇಲೆ ಮಂಜಿನಂಥ ಪೊರೆ ಕೂರುತ್ತದೆ. ಪಾಲಿಥೀನ್‌ನದು ಒಳ್ಳೆಯದು. ಮಳೆ ಬಡಿಯೋ ಗೋಡೆಗೆ ತಾಗಿಸದೆ ನೆಟ್ಟಗೆ ನಿಲ್ಲಿಸಿಡಿ, ಹಂಚಿನ ಕೆಳಗಿನ ಅಟ್ಟದಲ್ಲಂತೂ ಬೇಡವೇ ಬೇಡ, ಬೇಸಿಗೆಯಲ್ಲಿ ಬಗ್ಗಿಹೋಗುತ್ತದೆ.

ಮೊದಲ ಸಲ ಹಾಕುವಾಗ ಟೋನ್ ಆರ್ಮ್ ಕಾಣೋ ಹಾಗೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ತಕರಾರಿದ್ದರೆ ಅದನ್ನೇ ಕಳಿಸಬಹುದು. ಒಂದು ಬದಿ ಸರಿಯಿದೆ ಅಂತ ನಿಲ್ಲಿಸಬೇಡಿ. ಎರಡು ಬದಿಗೂ ಅಚ್ಚು ಬೇರೆ ಬೇರೆ. ಡಬಲ್ ಎಲ್‌ಪಿ ಆಗಿದ್ದರೆ ನಾಲ್ಕನ್ನೂ ಕೊನೆತನಕ ಕೇಳಿ.