ಕಲಾ ಇತಿಹಾಸ ಓದಲು ಚಿತ್ರ ಬಿಡಿಸಲು ಬರಲೇಬೇಕೇ?

ಬೇಕಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸ ಓದುವವರಿಗೆ ಕುಂಚಕ್ಕಿಂತ ಕಣ್ಣು ಮುಖ್ಯ, ಕಂಡದ್ದನ್ನು ಸ್ಪಷ್ಟವಾಗಿ ಬರೆಯುವ ಭಾಷೆ ಮುಖ್ಯ. ಏಕೆಂದರೆ ಇಲ್ಲಿ ಚಿತ್ರವೇ ದಾಖಲೆ. ಶಾಸನದಂತೆ ಅದನ್ನೂ ಓದಬೇಕು.

ಯುರೋಪಿನ ಚಿತ್ರಕಾರ ಯಾನ್ ವಾನ್ ಐಕ್ 1434ರಲ್ಲಿ ರಚಿಸಿದ ಆರ್ನೊಲ್ಫಿನಿ ದಂಪತಿಯ ಚಿತ್ರವನ್ನೇ ನೋಡಿ. ಹಿಂಗೋಡೆಯ ಪುಟ್ಟ ಉಬ್ಬುಗನ್ನಡಿಯಲ್ಲಿ ದಂಪತಿಯ ಬೆನ್ನು ಕಾಣುತ್ತದೆ; ಎದುರಿನ ಬಾಗಿಲಲ್ಲಿ ನಿಂತ ಇನ್ನಿಬ್ಬರೂ ಕಾಣುತ್ತಾರೆ! ನನಗೆ ಇಂದಿಗೂ ಬೆರಗು ತೀರದ ಕನ್ನಡಿಯಿದು. ಅದರ ಮೇಲ್ಗಡೆ, ‘ಯಾನ್ ವಾನ್ ಐಕ್ ಇಲ್ಲಿದ್ದ’ ಎಂಬ ಲ್ಯಾಟಿನ್ ಬರಹ. ಆ ಇಬ್ಬರು ಯಾರು? ಬರಹ ಬರೀ ಸಹಿಯೋ, ಸಾಕ್ಷಿಯೋ? ಉಡುಪು, ಬಣ್ಣ, ಆ ಕಾಲದ ಕಾಗದಪತ್ರಗಳ ಆಧಾರದಿಂದ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಓದು. ಪೆನ್ಸಿಲ್ ಹಿಡಿದು ನಕಲು ತೆಗೆಯುವ ಅಭ್ಯಾಸವಿದ್ದರೆ ಗಮನ ಹರಿತವಾಗುತ್ತದೆ, ಅಷ್ಟೇ.