ಬಚ್ಚಲ ಒಲೆಯ ಬಿಸಿಯಿಂದ ಮೊಬೈಲ್ ಚಾರ್ಜ್

ನಮಸ್ಕಾರ. ಬಚ್ಚಲ ಒಲೆಯ ಹೊಗೆ ಕೊಳವೆಗೆ ಪೆಲ್ಟಿಯರ್ ಬಿಲ್ಲೆ (ಒಂದು ಮುಖ ಬಿಸಿ, ಇನ್ನೊಂದು ತಣ್ಣಗಿದ್ದರೆ ಕರೆಂಟು ಕೊಡುವ ತೆಳು ಬಿಲ್ಲೆ; ನಿಮ್ಮದು ಟಿಇಸಿ1-12706 ಮಾದರಿ) ಕಟ್ಟಿದ್ದೀರಿ, ಮೊದಲು ವೋಲ್ಟೇಜ್ ಚೆನ್ನಾಗಿ ಬಂದು ಐದೇ ನಿಮಿಷಕ್ಕೆ ಇಳಿದುಹೋಗುತ್ತದೆ, ಬಿಲ್ಲೆ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿರಲಿಕ್ಕಿಲ್ಲ. ನನಗೂ ಹೀಗೇ ಆಗಿತ್ತು.

ಕರೆಂಟು ಹುಟ್ಟುವುದು ಬರೀ ಬಿಸಿಯಿಂದಲ್ಲ, ಬಿಲ್ಲೆಯ ಎರಡು ಮುಖಗಳ ನಡುವಿನ ಬಿಸಿಯ ವ್ಯತ್ಯಾಸದಿಂದ. ಬಿಲ್ಲೆಯ ದಪ್ಪ 4 ಮಿಲಿಮೀಟರ್ ಅಷ್ಟೇ ಅಲ್ವಾ? ಬಿಸಿ ಬೇಗ ದಾಟಿ, ತಂಪು ಮಾಡಲಿಕ್ಕೆಂದು ಹಿಂದಿನ ಮುಖಕ್ಕೆ ಕಟ್ಟಿದ ಅಲ್ಯೂಮಿನಿಯಂ ರೆಕ್ಕೆಗಳು ಸ್ವಲ್ಪ ಹೊತ್ತಿಗೇ ಕೈ ಇಡಲಾಗದಷ್ಟು ಕಾಯುತ್ತವೆ. ಆಗ ವ್ಯತ್ಯಾಸವೇ ಉಳಿಯುವುದಿಲ್ಲ. ರೆಕ್ಕೆ ತೆಗೆದು, ತಣ್ಣೀರು ತುಂಬಿದ ಚಪ್ಪಟೆ ತಳದ ಅಲ್ಯೂಮಿನಿಯಂ ಡಬ್ಬಿಯನ್ನು ಒತ್ತಿ ಕಟ್ಟಿ. ನೀರು ಬೆಚ್ಚಗಾದರೆ ಬದಲಿಸಿ. ಹಂಡೆಗೆ ಹೋಗುವ ನೀರನ್ನೇ ಅದರ ಮೂಲಕ ಹಾಯಿಸಿದರೆ ಇನ್ನೂ ಒಳ್ಳೆಯದು, ಆ ಬಿಸಿಯೂ ವ್ಯರ್ಥವಾಗುವುದಿಲ್ಲ.

ಇನ್ನೊಂದು ಮಾತು. ಕೊಳವೆ ದುಂಡಗಿದೆ, ಬಿಲ್ಲೆ ಚಪ್ಪಟೆ. ಮಧ್ಯೆ ಕೂದಲೆಳೆಯಷ್ಟು ಗಾಳಿ ಉಳಿದರೂ ಬಿಸಿ ಸರಿಯಾಗಿ ದಾಟುವುದಿಲ್ಲ. ಒಲೆ ಬಾಯಿಯ ಹತ್ತಿರ ದಪ್ಪ ಚಪ್ಪಟೆ ತಗಡು ಹಾಕಿ, ಥರ್ಮಲ್ ಪೇಸ್ಟ್ (ಸಂದು ತುಂಬಿ ಬಿಸಿ ದಾಟಿಸುವ ಲೇಪ) ತೆಳ್ಳಗೆ ಸವರಿ ಬಿಲ್ಲೆ ಕೂರಿಸಿ. ಆದರೆ ಬೆಂಕಿಗೆ ತೀರಾ ಹತ್ತಿರ ಬೇಡ. ಈ ಬಿಲ್ಲೆ ತಣ್ಣಗೆ ಮಾಡಲಿಕ್ಕೆ ಮಾಡಿದ್ದು, ಸುಮಾರು 138 ಡಿಗ್ರಿಗೆ ಒಳಗಿನ ಬೆಸುಗೆ ಕರಗುತ್ತದೆ. ನನ್ನದರ ಅಂಚಿನಿಂದ ಸಣ್ಣ ಬೆಳ್ಳಿ ಮಣಿಗಳು ಹೊರಬಂದಿದ್ದವು. ಜನರೇಟರ್‌ಗೆಂದೇ ಮಾಡಿದ ಬಿಲ್ಲೆ ಸಿಕ್ಕರೆ ಅದನ್ನೇ ಕೊಳ್ಳಿ.

ಎಲ್ಲ ಸರಿಯಾದರೂ ಒಂದು ಬಿಲ್ಲೆಗೆ ಹೆಚ್ಚೆಂದರೆ ಒಂದು ವ್ಯಾಟ್ ಆಸುಪಾಸು. ನಾಲ್ಕನ್ನು ಸೀರೀಸ್‌ನಲ್ಲಿ (ಒಂದರ ಪ್ಲಸ್ ತಂತಿ ಇನ್ನೊಂದರ ಮೈನಸ್‌ಗೆ) ಜೋಡಿಸಿ, 5 ವೋಲ್ಟ್ ಬಕ್-ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಹೆಚ್ಚು ಕಡಿಮೆಯಾದರೂ 5ಕ್ಕೇ ನಿಲ್ಲಿಸುವ ಸಣ್ಣ ಸರ್ಕ್ಯೂಟ್) ಮೂಲಕ ಮೊದಲು ಪವರ್ ಬ್ಯಾಂಕ್ ತುಂಬಿಸಿ. ಮೊಬೈಲ್‌ಗೆ ನೇರವಾಗಿ ಕೊಡಬೇಡಿ, ಬೆಂಕಿ ಏರಿಳಿದಂತೆ ಚಾರ್ಜಿಂಗ್ ನಿಂತು ನಿಂತು ಹೋಗುತ್ತದೆ.